ಸತಿಪತಿಗಳ ಸಮ್ಮತಿಯೂ ಪ್ರಾಣಿದಯೆಯೂ



ಗೃಹಸ್ಥಾಶ್ರಮವನ್ನು ತ್ಯಜಿಸದೆಯೇ ಶಿವಪಥದಲ್ಲಿ ನಡೆಯಬಹುದೆಂದು ಲೋಕಕ್ಕೆ ತೋರಿಸಿಕೊಟ್ಟವರು ನಮ್ಮ ಶರಣರು. ಅವರ ಪಾಲಿಗೆ ಮನೆಯು ಸಾಧನೆಗೆ ಅಡ್ಡಿಯಾದ ಸ್ಥಳವಲ್ಲ. ಸಾಧನೆ ನಡೆಯತಕ್ಕ ಸ್ಥಳವೇ ಅದು. ಆದುದರಿಂದ ಮನೆಯೊಳಗೆ ಏನು ಬರಬೇಕು, ಏನು ಬರಬಾರದು, ಬರುವುದಕ್ಕೆ ಯಾರ ಒಪ್ಪಿಗೆ ಬೇಕು ಎಂಬ ವಿಚಾರವನ್ನು ಅವರು ಕೇವಲ ಲೌಕಿಕವೆಂದು ಬದಿಗೆ ಸರಿಸಲಿಲ್ಲ. ಕಳೆದ ಶ್ರಾವಣ ಮಾಸದಲ್ಲಿ ಮಠದ ಪ್ರವಚನ ಮುಗಿದ ಬಳಿಕ ನನ್ನ ಮುಂದೆ ಬಂದ ಇಂತಹುದೇ ಒಂದು ವ್ಯಾಜ್ಯವನ್ನು ಇಲ್ಲಿ ನಿವೇದಿಸುತ್ತೇನೆ. ಆ ದಂಪತಿಗಳ ಅನುಮತಿಯನ್ನು ಪಡೆದೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡವೆಂದರು.

ಪತಿ ನನ್ನ ಹಳೆಯ ವಿದ್ಯಾರ್ಥಿ. ಈಗ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ನಾಲ್ಕು ವರ್ಷಗಳ ಹಿಂದೆ ಅವನು ಇಗುವಾನಾ ಎಂಬ ಹಸಿರು ಬಣ್ಣದ ಪ್ರಾಣಿಯೊಂದನ್ನು ಕೊಂಡು ತಂದನು. ನೋಡುವುದಕ್ಕೆ ನಮ್ಮ ಉಡವನ್ನು ಹೋಲುತ್ತದೆ. ಆದರೆ ಅದರ ತೌರು ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳು, ಅದರ ಆಹಾರವೆಲ್ಲ ಸೊಪ್ಪು. ತಂದಾಗ ಗೇಣುದ್ದವಿದ್ದುದು ಈಗ ಬಾಲವೂ ಸೇರಿ 4 ಅಡಿಯನ್ನು ಮೀರಿದೆ. ಇದು ಸಾಲದೆಂಬಂತೆ, ಪರದೇಶಕ್ಕೆ ಹೊರಟ ಮಿತ್ರನೊಬ್ಬನು ತನ್ನಲ್ಲಿದ್ದ ಬಾಲ್ ಪೈಥಾನ್ ಎಂಬ ಆಫ್ರಿಕಾ ಖಂಡದ ಹೆಬ್ಬಾವನ್ನು ಇವನಿಗೆ ಒಪ್ಪಿಸುವೆನೆಂದನಂತೆ. ಪತಿಗೆ ಬಹಳ ಆಸೆ. ಪತ್ನಿ ಸರ್ವಥಾ ಕೂಡದೆಂದಳು. ಇಬ್ಬರೂ ಒಂದು ತಿಂಗಳು ಸರಿಯಾಗಿ ಮಾತಾಡಿರಲಿಲ್ಲ.

ಮೊದಲು ನನಗೆ ನಗು ಬಂದಿತೆಂದು ಒಪ್ಪಿಕೊಳ್ಳಬೇಕು. ಹೊಲ, ಮನೆ, ಬಂಗಾರಗಳಿಗಾಗಿ ಕಲಹವಾಡಿದವರನ್ನು ಕಂಡಿದ್ದೇನೆ. ಹಾವಿಗಾಗಿ ಕಲಹವಾಡಿದವರನ್ನು ಕಂಡಿರಲಿಲ್ಲ. ಆದರೆ ಅವರ ಮುಖಗಳನ್ನು ನೋಡಿದ ಮೇಲೆ ನಗು ನಿಂತಿತು.

"ಗುರುಗಳೇ, ನೀವೇ ಇವಳಿಗೆ ತಿಳಿಸಿ ಹೇಳಬೇಕು. ಸರ್ಪವು ಶಿವನ ಕೊರಳ ಆಭರಣವಲ್ಲವೆ? ಕಲ್ಲ ನಾಗನಿಗೆ ಹಾಲೆರೆದು ಜೀವಂತ ನಾಗನನ್ನು ಕಂಡರೆ ಬಡಿಗೆ ಹುಡುಕುವವರನ್ನು ಬಸವಣ್ಣನವರು ಹಂಗಿಸಲಿಲ್ಲವೆ? ಪಂಚಮಿಯ ದಿನ ಹುತ್ತಕ್ಕೆ ಹೋಗಿ ಹಾಲೆರೆದು ಬರುತ್ತಾಳೆ, ನಾನು ನಿಜವಾದ ಹಾವಿಗೆ ಆಶ್ರಯ ಕೊಡುತ್ತೇನೆಂದರೆ ಬೇಡವೆನ್ನುತ್ತಾಳೆ" ಎಂದು ಅವನು ತನ್ನ ಪಕ್ಷವನ್ನು ಮಂಡಿಸಿದನು. ನಾನು ಪಾಠ ಹೇಳಿದ ವಚನವೇ ನನ್ನೆದುರಿಗೆ ಸಾಕ್ಷಿಗೆ ಬಂದು ನಿಂತಿತ್ತು.

ಆ ತಾಯಿ ಹೆಚ್ಚು ಮಾತಾಡಲಿಲ್ಲ. "ಅದು ಸೊಪ್ಪು ತಿನ್ನುವುದಿಲ್ಲವಂತೆ ಗುರುಗಳೇ, ಇಲಿ ತಿನ್ನುತ್ತದಂತೆ. ಸತ್ತ ಇಲಿಗಳನ್ನು ತಂದು ಫ್ರಿಜ್ಜಿನಲ್ಲಿ ಇಡಬೇಕಂತೆ. ಅದೇ ಫ್ರಿಜ್ಜಿನಲ್ಲಿ ಪೂಜೆಯ ಹಾಲಿದೆ. ಮನೆಯಲ್ಲಿ ಮೂರು ವರ್ಷದ ಮಗುವಿದೆ. ಅತ್ತೆಯವರಿಗೆ ಸಕ್ಕರೆ ಕಾಯಿಲೆ" ಎಂದಳು. ಅಷ್ಟು ಹೇಳಿ ಸುಮ್ಮನಾದವಳು, ಮತ್ತೆ ತಡೆಯಲಾರದೆ, "ಇರುವ ಆ ಇಗುವಾನಾವನ್ನಾದರೂ ಕೆರೆಯ ದಂಡೆಗೆ ಬಿಟ್ಟು ಬರಲಿ" ಎಂದಳು.

ನಾನು ಪತಿಯನ್ನು ಒಂದೇ ಪ್ರಶ್ನೆ ಕೇಳಿದೆ: "ತಮ್ಮಾ, ನೀನು ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋಗುತ್ತೀ. ನಿನ್ನ ಇಗುವಾನಾಕ್ಕೆ ಸೊಪ್ಪು ಹೆಚ್ಚಿ ಹಾಕುವವರು ಯಾರು?"

ಅವನು ತಲೆ ತಗ್ಗಿಸಿದನು. ನಾಲ್ಕು ವರ್ಷವೂ ದಾಸವಾಳದ ಎಲೆ ಕಿತ್ತು, ತೊಳೆದು, ಹೆಚ್ಚಿ ಹಾಕಿದವಳು ಅವಳೇ. ಪಾಲಕ ಸೊಪ್ಪನ್ನು ದಿನವೂ ಹಾಕಬಾರದು, ಅದರಲ್ಲಿರುವ ಅಂಶವು ಸುಣ್ಣಸತ್ತ್ವವು ಪ್ರಾಣಿಯ ಮೈಗೆ ಹತ್ತದಂತೆ ಮಾಡುತ್ತದೆ ಎಂಬುದನ್ನು ಪಶುವೈದ್ಯರಿಂದ ಕೇಳಿ ತಿಳಿದವಳೂ ಅವಳೇ. ಪಂಜರದ ವಿಶೇಷ ದೀಪವು ಹೊರಗೆ ಉರಿಯುತ್ತಿದ್ದರೂ ಅದರ ನೇರಳಾತೀತ ಕಿರಣವು ಕೆಲವು ತಿಂಗಳಿಗೆ ಕ್ಷೀಣಿಸುತ್ತದೆ. ಆ ಕಿರಣವಿಲ್ಲದೆ ಆ ಜಾತಿಯ ಪ್ರಾಣಿಗಳ ಎಲುಬು ಮೆತ್ತಗಾಗಿ ಡೊಂಕಾಗುತ್ತದೆ. ದೀಪವನ್ನು ಬದಲಾಯಿಸಬೇಕೆಂದು ನೆನಪಿಸುತ್ತಿದ್ದವಳೂ ಅವಳೇ. ಬೇಡವೆಂದವಳೇ ಸಾಕಿದವಳು. ತಂದವನು ಸಂಜೆ ಬಂದು ಹೆಗಲ ಮೇಲೆ ಕೂರಿಸಿಕೊಂಡು ಸ್ನೇಹಿತರಿಗೆ ತೋರಿಸುತ್ತಿದ್ದನು.

ಇಲ್ಲಿ ನನ್ನ ವಿಷಯವನ್ನೂ ಮರೆಮಾಚದೆ ಹೇಳುತ್ತೇನೆ. ಹಿಂದೊಮ್ಮೆ ಭಕ್ತರೊಬ್ಬರು ಕೊಟ್ಟ ಆಕಳನ್ನು ಮನೆಯಾಕೆಯನ್ನು ಒಂದು ಮಾತೂ ಕೇಳದೆ ಹಿಡಿದುಕೊಂಡು ಬಂದೆ. ಗೋಸೇವಾಪರನೆಂಬ ಹೆಸರು ನನಗೆ ಬಂದಿತು. ಹನ್ನೊಂದು ವರ್ಷ ನಸುಕಿನಲ್ಲೆದ್ದು ಸೆಗಣಿ ಬಾಚುವ ಕೆಲಸ ಆಕೆಗೆ ಬಂದಿತು. ಹೆಬ್ಬಾವಿನ ವ್ಯಾಜ್ಯವನ್ನು ತೀರಿಸಲು ಕುಳಿತಾಗ ಆ ಆಕಳು ನನ್ನ ಕಣ್ಣ ಮುಂದೆ ಬಂದು ನಿಂತಿತು.

ಆಯ್ದಕ್ಕಿ ಮಾರಯ್ಯನವರ ಪ್ರಸಂಗವನ್ನು ಬಲ್ಲದವರಾರು? ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದರು. ಲಕ್ಕಮ್ಮನವರು ಅದನ್ನು ಒಳಗೆ ಕೊಳ್ಳಲಿಲ್ಲ. ಅಗತ್ಯವನ್ನು ಮೀರಿದ್ದು ಆಸೆ, ಅದನ್ನು ತಂದಲ್ಲಿಯೇ ಸುರಿದು ಬರಬೇಕೆಂದರು. ಈ ಪ್ರಸಂಗವನ್ನು ಅಪರಿಗ್ರಹಕ್ಕೆ ನಿದರ್ಶನವಾಗಿ ನಾವು ಎಷ್ಟೋ ಸಲ ಹೇಳುತ್ತೇವೆ. ಆದರೆ ಮಾರಯ್ಯನವರ ನಡತೆಯನ್ನು ಕುರಿತು ಹೇಳುವುದು ಕಡಿಮೆ. ಅಕ್ಕಿ ಕೆಟ್ಟ ವಸ್ತುವಲ್ಲ. ದಾಸೋಹಕ್ಕೆ ಸಲ್ಲುವ ವಸ್ತು. ಅವರು ಬೇಕಾದರೆ "ಅಕ್ಕಿ ಪ್ರಸಾದವಾಗುವುದಿಲ್ಲವೆ, ಜಂಗಮರು ಉಣ್ಣುವುದಿಲ್ಲವೆ, ನಿನಗೆ ಭಕ್ತಿಯಿಲ್ಲವೆ" ಎಂದು ವಾದ ಹೂಡಬಹುದಾಗಿತ್ತು. ಹೂಡಲಿಲ್ಲ. ಹೊಸ್ತಿಲಿನಲ್ಲಿ ನಿಂತು ಬೇಡವೆಂದ ಸತಿಯ ಮಾತಿನಲ್ಲಿ ತನ್ನ ಆಸೆಯನ್ನು ಕಂಡುಕೊಂಡು ಅಕ್ಕಿಯನ್ನು ಹಿಂದಿರುಗಿಸಿದರು. ಸತಿಪತಿಗಳು ಒಂದಾಗಿ ಮಾಡುವ ಭಕ್ತಿಯೇ ಶಿವನಿಗೆ ಒಪ್ಪಿತವೆಂದು ಜೇಡರ ದಾಸಿಮಯ್ಯನವರು ಹೇಳಿದ ಒಂದಾಗುವಿಕೆ ಇದು. ಒಬ್ಬರು ಇನ್ನೊಬ್ಬರ ಬಾಯಿ ಮುಚ್ಚಿಸಿದುದರಿಂದ ಉಂಟಾಗುವ ಮೌನವಲ್ಲ.

ಇನ್ನು ಆ ಹಾವಿನ ಮಾತು. ಬಾಲ್ ಪೈಥಾನ್ ವಿಷವಿಲ್ಲದ, ಹೆದರಿದರೆ ಉಂಡೆಯಾಗಿ ಸುತ್ತಿಕೊಳ್ಳುವ ಸಾಧು ಪ್ರಾಣಿ. ಅದನ್ನು ನಿಂದಿಸುವ ಕಾರಣವಿಲ್ಲ. ಇಲಿಯನ್ನು ತಿನ್ನುವುದು ಅದರ ಸ್ವಭಾವ. ಅದರಲ್ಲಿ ಅದಕ್ಕೆ ಪಾಪವೂ ಇಲ್ಲ, ಪುಣ್ಯವೂ ಇಲ್ಲ. "ಬೆಕ್ಕು ಇಲಿ ಹಿಡಿಯುವುದಿಲ್ಲವೆ ಗುರುಗಳೇ?" ಎಂದು ಅವನು ಕೇಳಿದನು. ಹಿಡಿಯುತ್ತದೆ. ಆದರೆ ಬೆಕ್ಕು ತಾನೇ ಬಂದಿತು, ತಾನೇ ಹಿಡಿಯುತ್ತದೆ, ಬೇಡವಾದರೆ ಗೋಡೆ ಹಾರಿ ಹೋಗುತ್ತದೆ. ಆಫ್ರಿಕಾದ ಕಾಡಿನಲ್ಲಿ ಹಾವು ಇಲಿಯನ್ನು ನುಂಗಿದರೆ ಅದು ಅವೆರಡರ ನಡುವಿನ ಮಾತು. ನನ್ನ ಮನೆಯ ಗಾಜಿನ ಪೆಟ್ಟಿಗೆಯಲ್ಲಿ ಹಾವನ್ನು ಕೂಡಿಟ್ಟು, ಅದಕ್ಕೆಂದು ಸಾಯಿಸಿದ ಇಲಿಗಳನ್ನು ವಾರ ಎರಡು ವಾರಕ್ಕೊಮ್ಮೆ ಹಣ ತೆತ್ತು ಕೊಂಡರೆ, ಆ ಕೊಲೆಯಲ್ಲಿ ನನ್ನ ಕೈಯೂ ಸೇರಿತು. ಅದು ಯಾರ ಸಲುವಾಗಿ? ಹಾವು ನನ್ನ ಮನೆಗೆ ಬರುತ್ತೇನೆಂದು ಕೇಳಿರಲಿಲ್ಲ. ಸಕಲ ಜೀವಿಗಳಲ್ಲಿ ದಯೆಯಿರಬೇಕೆಂದ ಬಸವಣ್ಣನವರ ಬೋಧೆಯನ್ನು ಹಾವಿಗೆ ಅನ್ವಯಿಸಿ ಇಲಿಗೆ ಬಿಟ್ಟುಬಿಡಲು ಬರುತ್ತದೆಯೆ?

ಆಯುಷ್ಯದ ವಿಚಾರವಂತೂ ಇವರಾರೂ ಯೋಚಿಸಿರಲಿಲ್ಲ. ಈ ಹಾವು ಸಾಕಿದಲ್ಲಿ 20-30 ವರ್ಷ ಬದುಕುವುದು ಸಾಮಾನ್ಯ. 1961ರಲ್ಲಿ ಒಬ್ಬ ಗೃಹಸ್ಥನು ಅಮೆರಿಕದ ಸೇಂಟ್ ಲೂಯಿ ಮೃಗಾಲಯಕ್ಕೆ ಕೊಟ್ಟ ಹೆಣ್ಣು ಬಾಲ್ ಪೈಥಾನೊಂದು 2020ರಲ್ಲಿ ಮೊಟ್ಟೆಯಿಟ್ಟಿತು. ಆಗ ಅದರ ವಯಸ್ಸು ಅರುವತ್ತನ್ನು ಮೀರಿತ್ತು. ಇಗುವಾನಾವೂ ಚೆನ್ನಾಗಿ ನೋಡಿಕೊಂಡರೆ 15-20 ವರ್ಷ ಇರುತ್ತದೆ. ನಿನ್ನ ಮಗು ಮದುವೆಯ ವಯಸ್ಸಿಗೆ ಬರುವವರೆಗೆ ಮನೆಯಲ್ಲಿರತಕ್ಕ ಜೀವಿಯನ್ನು ತರುವುದು ಒಂದು ವ್ರತದ ಸ್ವೀಕಾರ. ಗಂಡನೊಬ್ಬನೇ ಸಂಕಲ್ಪ ಮಾಡಿ ಹೆಂಡತಿ ಆಚರಿಸತಕ್ಕ ವ್ರತವನ್ನು ನಾನು ಯಾವ ಶಾಸ್ತ್ರದಲ್ಲಿಯೂ ಓದಿಲ್ಲ.

ಕಾನೂನಿನ ಮಾತನ್ನೂ ಕೇಳಿದೆ. ನಮ್ಮ ನಾಡಿನ ಹೆಬ್ಬಾವು, ಉಡ, ನಕ್ಷತ್ರ ಆಮೆಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಪರದೇಶದ ಇಂತಹ ಪ್ರಾಣಿಗಳ ಬಗ್ಗೆ 2022ರಲ್ಲಿ ಆ ಕಾಯಿದೆಗೆ ತಿದ್ದುಪಡಿಯಾಗಿ, 2024ರ ನಿಯಮಗಳಂತೆ ಅವುಗಳನ್ನು ಸರ್ಕಾರದಲ್ಲಿ ನೋಂದಾಯಿಸಬೇಕು. ಕೈ ಬದಲಾದರೂ ಮರಿಯಾದರೂ ಸತ್ತರೂ ತಿಳಿಸಬೇಕು. ಇವರ ಮತ್ತು ಮಿತ್ರನ ಕಾಗದಗಳು ಸರಿಯಾಗಿಯೇ ಇದ್ದವು. ಸರ್ಕಾರದ ಒಪ್ಪಿಗೆಗೆ ಅಷ್ಟು ಅಲೆದಾಡಿದವನು ಅಡಿಗೆಮನೆಯವರೆಗೆ ಹೋಗಿ ಒಪ್ಪಿಗೆ ಕೇಳಿರಲಿಲ್ಲ!

ಅವಳ ಭಯವನ್ನು ಅವನು ಮೂಢನಂಬಿಕೆಯೆಂದಿದ್ದನು. ಅದು ಮೂಢನಂಬಿಕೆಯಲ್ಲ. ಸರೀಸೃಪಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುವುದು ಸಾಮಾನ್ಯ. ಪ್ರಾಣಿಗೆ ಅದರಿಂದ ತೊಂದರೆ ಕಾಣಿಸದಿದ್ದರೂ ಮನುಷ್ಯರಿಗೆ ವಾಂತಿ, ಭೇದಿ, ಜ್ವರ ತರುತ್ತದೆ. ಐದು ವರ್ಷದೊಳಗಿನ ಮಕ್ಕಳು, ವೃದ್ಧರು, ಗರ್ಭಿಣಿಯರು, ರೋಗದಿಂದ ಕುಗ್ಗಿದವರು ಇರುವ ಮನೆಯಲ್ಲಿ ಇಂತಹ ಪ್ರಾಣಿಗಳು ಬೇಡವೆಂದು ವೈದ್ಯರೇ ಹೇಳುತ್ತಾರೆ. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಅದರ ಪಾತ್ರೆಗಳನ್ನು ಅಡಿಗೆಮನೆಯಲ್ಲಿ ತೊಳೆಯಲೇಬಾರದು. ಬೆಳೆದ ಗಂಡು ಇಗುವಾನಾ ಬೆದೆಯ ಕಾಲದಲ್ಲಿ ಪಳಗಿಸಿದವರ ಮೇಲೆಯೇ ಏರಿಬಂದು ಕಚ್ಚುವುದುಂಟು. ಅದರ ಬಾಲದ ಏಟು ಚಾಟಿಯ ಏಟಿಗೆ ಕಡಿಮೆಯಲ್ಲ. ಮೂರು ವರ್ಷದ ಮಗುವಿನ ತಾಯಿ ಇದಕ್ಕೆ ಅಂಜಿದರೆ ಅದು ಅವಳ ಅಜ್ಞಾನವಲ್ಲ, ಅವಳ ಕಾಯಕ.

ಬಸವಣ್ಣನವರ ವಚನವನ್ನು ಅವನು ಸಾಕ್ಷಿಗೆ ತಂದನಷ್ಟೆ. ಅದರ ತಾತ್ಪರ್ಯವೇನು? ಮಾತಾಡದ, ಉಣ್ಣದ ಮೂರ್ತಿಗೆ ಉಪಚಾರ ಮಾಡಿ, ಹಸಿದು ಬಂದು ಬಾಗಿಲಲ್ಲಿ ನಿಂತ ಜಂಗಮನನ್ನು ಕಳುಹಿಸಿಬಿಡುವ ಭಕ್ತಿ ಭಕ್ತಿಯಲ್ಲವೆಂಬುದು. ಕಣ್ಣೆದುರಿನ ಜೀವವನ್ನು ಕಾಣು ಎಂಬುದು ಅದರ ತಿರುಳು. ಮನೆಯಲ್ಲಿ ಹಾವು ಸಾಕು ಎಂಬುದಲ್ಲ. ನಿನ್ನ ಕಣ್ಣೆದುರಿಗೆ ನಿಂತು, ಬಾಯಿ ಬಿಟ್ಟು, ನನ್ನಿಂದಾಗದು ಎನ್ನುತ್ತಿರುವವರು ಯಾರು? ಇನ್ನೂ ಮನೆಗೆ ಬಾರದ ಹಾವಿನ ಮೇಲೆ ಇಷ್ಟು ಕರುಣೆಯಿರುವವನಿಗೆ ಅವಳ ಮಾತು ಏಕೆ ಕೇಳಿಸಲಿಲ್ಲ?

ಆದರೆ ಭಕ್ತರೇ, ನ್ಯಾಯವು ಒಂದೇ ಕಡೆ ವಾಲಬಾರದು. ಕೆರೆಯ ದಂಡೆಗೆ ಬಿಟ್ಟು ಬರಲಿ ಎಂದ ಆ ತಾಯಿಯ ಮಾತನ್ನೂ ನಾನು ಒಪ್ಪಲಿಲ್ಲ. ಪಂಜರದಲ್ಲಿ ಬೆಳೆದ ಪ್ರಾಣಿ ನಮ್ಮ ಕಡೆಯ ಮಾಗಿಯ ರಾತ್ರಿಗಳಲ್ಲಿ ಜಡವಾಗಿ, ತಿಂದುದು ಜೀರ್ಣವಾಗದೆ ಸಾಯುತ್ತದೆ. ಇಲ್ಲವೆ ನಾಯಿಗಳ ಪಾಲಾಗುತ್ತದೆ. ಬದುಕಿದರೆ ಅದು ಇನ್ನೂ ದೊಡ್ಡ ಅನರ್ಥ. ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ ಸಾಕಿದವರು ಬಿಟ್ಟ, ತಪ್ಪಿಸಿಕೊಂಡ ಬರ್ಮಾ ಹೆಬ್ಬಾವುಗಳು ಎವರ್‌ಗ್ಲೇಡ್ಸ್ ಎಂಬ ಜೌಗು ಕಾಡಿನಲ್ಲಿ ಸಂತಾನ ಬೆಳೆಸಿ, ಅಲ್ಲಿಯ ಮೊಲ ಮೊದಲಾದ ಪ್ರಾಣಿಗಳನ್ನು ಬಹುಮಟ್ಟಿಗೆ ಬರಿದುಮಾಡಿವೆ. 2012ರಲ್ಲಿ ಆ ದೇಶದ ಸರ್ಕಾರವು ಅವುಗಳ ಆಮದನ್ನು ನಿಷೇಧಿಸಿತು. ಅಷ್ಟರಲ್ಲಿ ಕಾಲ ಮೀರಿತ್ತು. ಇಗುವಾನಾಗಳೂ ಅಲ್ಲಿ ಹಾಗೆಯೇ ಹಬ್ಬಿವೆ. ಯಾರದೋ ಮನೆಯಲ್ಲಿ ಗಂಡಹೆಂಡಿರ ಮಾತು ಮುರಿದ ಒಂದು ಸಂಜೆ, ಯಾರೋ ಒಬ್ಬರು ಪೆಟ್ಟಿಗೆಯ ಬಾಗಿಲು ತೆರೆದಿರಬೇಕು ಎಂದು ನನಗೆ ಅನಿಸುತ್ತದೆ.

"ತಾಯೀ, ಬರುವ ಮುಂಚೆ ಬೇಡವೆನ್ನುವ ಅಧಿಕಾರ ನಿನಗೆ ಪೂರ್ಣವಾಗಿ ಇದೆ. ಇಬ್ಬರಲ್ಲಿ ಒಬ್ಬರು ಬೇಡವೆಂದರೂ ಸಾಕು, ತರಬಾರದು. ಆದರೆ ಬಂದು ನಾಲ್ಕು ವರ್ಷ ನಿನ್ನ ಕೈಯ ಸೊಪ್ಪು ತಿಂದ ಜೀವಿಯ ಮೇಲೆ ನಿಮ್ಮಿಬ್ಬರ ಕೋಪಕ್ಕೂ ಅಧಿಕಾರವಿಲ್ಲ. ಅದಕ್ಕೆ ಯೋಗ್ಯವಾದ ಬೇರೆ ಆಶ್ರಯ ದೊರೆತು, ಸರ್ಕಾರಕ್ಕೆ ತಿಳಿಸಿ ಒಪ್ಪಿಸುವವರೆಗೆ ಅದು ನಿಮ್ಮದೇ" ಎಂದೆ. ಅವಳು ಕಣ್ಣೊರಸಿಕೊಂಡಳು. "ಕೋಪದಲ್ಲಿ ಅಂದೆ ಗುರುಗಳೇ. ಅದು ನನ್ನ ಹೆಜ್ಜೆಯ ಸಪ್ಪಳ ಕೇಳಿದರೆ ತಲೆಯೆತ್ತುತ್ತದೆ" ಎಂದಳು. ಪತಿ ಅವಳನ್ನು ನೋಡಿದನು; ಈ ಸಂಗತಿ ಅವನಿಗೆ ಗೊತ್ತಿರಲಿಲ್ಲವೆಂದು ತೋರುತ್ತದೆ.

ಅವನಿಗೆ ಒಂದು ಕೆಲಸ ಕೊಟ್ಟೆ. ಮೂರು ತಿಂಗಳು ಇಗುವಾನಾದ ಸಮಸ್ತ ಸೇವೆಯನ್ನು, ಸೊಪ್ಪು ತರುವುದರಿಂದ ಹೊಲಸು ಬಳಿಯುವವರೆಗೆ, ತಾನೊಬ್ಬನೇ ಮಾಡಬೇಕು. ಆಮೇಲೆ ಹೆಬ್ಬಾವಿನ ಮಾತೆತ್ತಬೇಕು. ಅದೂ ಅವಳಾಗಿ ಒಪ್ಪಿದರೆ. ಒಪ್ಪದಿದ್ದರೆ ಕಾರಣ ಕೇಳಿ ಪೀಡಿಸಬಾರದು.

ಮಿತ್ರನು ತನ್ನ ಹಾವಿಗೆ ಬೇರೆ ಏರ್ಪಾಡು ಮಾಡಿಕೊಂಡನೆಂದು ದೀಪಾವಳಿಯ ಹೊತ್ತಿಗೆ ತಿಳಿಯಿತು. ಇಗುವಾನಾಕ್ಕೆ ಮಾಳಿಗೆಯ ಮೇಲೆ ಪ್ರತ್ಯೇಕವಾದ ಗೂಡು ಕಟ್ಟಿದ್ದಾರೆ. ಮಗುವಿಗೆ ತೆರೆಯಲಾಗದಂತೆ ಅಗುಳಿ ಹಾಕಿಸಿದ್ದಾರೆ. ಮೊನ್ನೆ ಅಮಾವಾಸ್ಯೆಯ ದಿನ ಇಬ್ಬರೂ ಮಠಕ್ಕೆ ಬಂದಿದ್ದರು. ಗದ್ದುಗೆಯ ದರ್ಶನ ಮುಗಿಸಿ ಪತಿ ಹೂದೋಟದಲ್ಲಿ ದಾಸವಾಳದ ಗಿಡದ ಹತ್ತಿರ ನಿಂತು, "ಗುರುಗಳೇ, ಇದಕ್ಕೆ ಹುಳದ ಔಷಧಿ ಹೊಡೆದಿದ್ದೀರಾ?" ಎಂದು ಕೇಳಿದನು. ಹೊಡೆದಿಲ್ಲವೆಂದೆ. ಒಂದು ಚೀಲ ಎಲೆ ಕಿತ್ತುಕೊಂಡು, ಎಳೆಯ ಚಿಗುರನ್ನು ಬಿಟ್ಟು ಕೀಳಬೇಕೆಂದು ಹೆಂಡತಿ ಹೇಳಿದ ಮೇಲೆ ಇನ್ನೊಂದು ಗಿಡಕ್ಕೆ ಹೋದನು.