ಜಕ್ಕಾಯ ಹತ್ತಿದ ಮರ



ಜೆರಿಕೋ ಪಟ್ಟಣದ ಸುಂಕದವನಾದ ಜಕ್ಕಾಯ ಕುಳ್ಳನಾಗಿದ್ದ. ಯೇಸುಸ್ವಾಮಿಯನ್ನು ನೋಡಲೆಂದು ಮರ ಹತ್ತಿದ. ಲೂಕನ ಈ ಶುಭಸಂದೇಶದ ಮೇಲೆ ನಾವು ಗುರುಗಳು ಮಾಡುವ ಪ್ರಬೋಧನೆಗಳಲ್ಲಿ ಜಕ್ಕಾಯನ ಹಣವಿರುತ್ತದೆ, ಪಶ್ಚಾತ್ತಾಪವಿರುತ್ತದೆ. ಮರದ ಮಾತು ಮಾತ್ರ ಅಪರೂಪ. ಅದು ನಮ್ಮ ಅತ್ತಿಮರದ ಹತ್ತಿರದ ಬಂಧು. ಅತ್ತಿಯಂತೆಯೇ ಕಾಂಡದ ಮೇಲೆ, ದಪ್ಪ ಕೊಂಬೆಗಳ ಮೇಲೆ ಗೊಂಚಲು ಗೊಂಚಲಾಗಿ ಕಾಯಿ ಬಿಡುತ್ತದೆ. ಪ್ರವಾದಿ ಆಮೋಸನು ಪ್ರವಾದನೆಗೆ ಮೊದಲು ನೋಡಿಕೊಳ್ಳುತ್ತಿದ್ದುದು ಇದೇ ಮರಗಳನ್ನು. ದಾವೀದ ಅರಸನಂತೂ ಎಣ್ಣೆಮರಗಳ ಜೊತೆಗೆ ಇವುಗಳ ಉಸ್ತುವಾರಿಗೂ ಒಬ್ಬ ಅಧಿಕಾರಿಯನ್ನು ನೇಮಿಸಿದ್ದನೆಂದು ಹಳೆಯ ಒಡಂಬಡಿಕೆಯಲ್ಲಿ ಓದುತ್ತೇವೆ.

ನಮ್ಮೂರುಗಳಲ್ಲಿ ಅತ್ತಿಮರಕ್ಕೆ ಅಧಿಕಾರಿಯಿಲ್ಲ, ದೂರುಗಾರರಿದ್ದಾರೆ. "ಫಾದರ್, ಹಣ್ಣು ಬಿದ್ದು ಅಂಗಳವೆಲ್ಲ ಗಲೀಜು. ರಾತ್ರಿ ಬಾವಲಿ ಕಾಟ. ನಿಲ್ಲಿಸಿದ ಕಾರಿನ ಮೇಲೆ ಹಕ್ಕಿ ಹಿಕ್ಕೆ. ಕಡಿಸಿ ಇಂಟರ್‌ಲಾಕ್ ಹಾಕಿಸೋಣ" ಎನ್ನುತ್ತಾರೆ. ಇದನ್ನು ಹೇಳುವವರು ಕೆಟ್ಟವರಲ್ಲ; ದೇವಾಲಯದ ಅಂಗಳ ಚೊಕ್ಕಟವಾಗಿರಲಿ ಎಂಬ ಆಸೆ ಅವರದು. ಅದೇ ನಾವು ಜುಲೈ ತಿಂಗಳಲ್ಲಿ ವನಮಹೋತ್ಸವ ಆಚರಿಸಿ, ಬೇಲಿಗುಂಟ ಅಕೇಶಿಯ ನೆಟ್ಟು ಫೋಟೋ ತೆಗೆಸಿಕೊಳ್ಳುತ್ತೇವೆ. ಅಕೇಶಿಯ ಬೇಗ ಬೆಳೆಯುತ್ತದೆ, ಸೌದೆಗೂ ಆದೀತು. ಆದರೆ ಹಣ್ಣು ತಿಂದು ಬದುಕುವ ಹಕ್ಕಿಗೆ ಅಲ್ಲಿ ಹೆಚ್ಚೇನೂ ಸಿಗದು.

ಅತ್ತಿ, ಆಲ, ಅರಳಿ, ಗೋಳಿ ಇವೆಲ್ಲ ಒಂದೇ ಕುಟುಂಬ. ಮಾವು ಹಲಸುಗಳಿಗೆ ಒಂದೇ ಸುಗ್ಗಿ, ಇವು ಹಾಗಲ್ಲ. ಒಂದು ಮರ ಮುಗಿಸಿದಾಗ ಇನ್ನೊಂದು ಹಣ್ಣಾಗಿರುತ್ತದೆ. ಕಾಡಿನಲ್ಲಿ ಬೇರೇನೂ ಇಲ್ಲದ ದಿನಗಳಲ್ಲಿ ಮಂಗಟ್ಟೆ, ಕುಟ್ರ, ಹಸಿರು ಪಾರಿವಾಳ, ಅಳಿಲು, ಪುನುಗುಬೆಕ್ಕುಗಳ ಹೊಟ್ಟೆ ತುಂಬುವುದು ಇವುಗಳಿಂದ. ಲೋಕದಲ್ಲಿ 1,200ಕ್ಕೂ ಹೆಚ್ಚು ಜಾತಿಯ ಪಕ್ಷಿ ಪ್ರಾಣಿಗಳು ಈ ಕುಟುಂಬದ ಹಣ್ಣು ತಿನ್ನುತ್ತವೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಕಾರಿನ ಮೇಲೆ ಬೀಳುವ ಹಿಕ್ಕೆ ಇದೆಯಲ್ಲ, ಬೋಳುಗುಡ್ಡಕ್ಕೆ ಕಾಡಿನ ಬೀಜ ಹೋಗುವುದು ಅದರಲ್ಲೇ.

'ಅತ್ತಿಹಣ್ಣು ಬಿಡಿಸಿದರೆ ಹುಳ' ಎಂದು ನಗುತ್ತೇವೆ. ಆ ಹುಳ ಒಂದು ಪುಟ್ಟ ಕಣಜ. ಅತ್ತಿಯ ಹೂಗಳು ಕಾಯಿಯ ಒಳಗೇ ಇರುತ್ತವೆ. ಹೆಣ್ಣು ಕಣಜ ಕಿರಿದಾದ ರಂಧ್ರದಲ್ಲಿ ನುಗ್ಗುವಾಗ ರೆಕ್ಕೆ ಕಳಚಿಹೋಗುತ್ತದೆ. ಒಳಗೆ ಪರಾಗ ಹಚ್ಚಿ, ಮೊಟ್ಟೆಯಿಟ್ಟು, ಅಲ್ಲಿಯೇ ಸಾಯುತ್ತದೆ. ಅದು ಸತ್ತರೇ ಬೀಜ. ಗೋಧಿಯ ಕಾಳಿನ ಬಗ್ಗೆ ಪ್ರಭು ಹೇಳಿದ್ದು ನೆನಪಾಗುವುದಿಲ್ಲವೇ? 2015ರಲ್ಲಿ ಜಗದ್ಗುರು ಫ್ರಾನ್ಸಿಸರು 'ಲೌದಾತೊ ಸಿ' ಪತ್ರದಲ್ಲಿ ಹುಳುಹುಪ್ಪಟೆಗಳನ್ನೂ ಹೆಸರಿಸಿ ಬರೆದದ್ದು ಸುಮ್ಮನೆ ಅಲ್ಲ. 13ನೇ ಶತಮಾನದ ಸಂತ ತೋಮಸ್ ಅಕ್ವಿನಾಸರ ವಾದವೂ ಇದಕ್ಕೆ ಹೊಂದುತ್ತದೆ: ದೇವರ ಒಳ್ಳೆಯತನವನ್ನು ಯಾವ ಒಂದು ಸೃಷ್ಟಿಯೂ ಪೂರ್ತಿಯಾಗಿ ತೋರಿಸಲಾರದು, ಆದ್ದರಿಂದಲೇ ಆತ ಇಷ್ಟೊಂದು ಬಗೆಯ ಜೀವಿಗಳನ್ನು ಉಂಟುಮಾಡಿದ. ಸೆಮಿನರಿಯಲ್ಲಿ ಪರೀಕ್ಷೆಗೆಂದು ಓದಿದ ಈ ಮಾತು ನನಗೆ ನಿಜವಾಗಿ ಹಿಡಿಸಿದ್ದು ಹಣ್ಣು ತುಂಬಿದ ಅತ್ತಿಮರದ ಕೆಳಗೆ.

ನಮ್ಮ ಬದುಕಿನ ಪ್ರಶ್ನೆಯೂ ಇದರಲ್ಲಿದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಜನ ಟ್ಯಾಂಕರ್‌ಗಾಗಿ ಕಾದರು. ಕಾಂಕ್ರೀಟು ಹಾಸಿದ ಅಂಗಳ ಮಳೆನೀರನ್ನು ಚರಂಡಿಗೆ ಅಟ್ಟುತ್ತದೆ, ಬಿಸಿಲನ್ನು ಹಿಡಿದಿಟ್ಟುಕೊಳ್ಳುತ್ತದೆ. ದೊಡ್ಡ ಮರದಡಿಯ ಮಣ್ಣು ನೀರು ಕುಡಿಯುತ್ತದೆ, ನೆರಳಂತೂ ಉಂಟು.

ನೆಡುವವರಿಗೆ ಒಂದು ಮಾತು. ಈ ಮರಗಳ ಬೇರು ಬಲು ಗಟ್ಟಿ. ಗೋಡೆ, ಬಾವಿ, ಶೌಚಗುಂಡಿಗಳಿಂದ ಬಹಳ ದೂರದಲ್ಲಿ ನೆಡಿ. ಐದು ಸೆಂಟ್ಸ್ ಜಾಗದ ಮನೆಗೆ ಇದು ಬೇಡ, ಅಲ್ಲಿ ನೇರಳೆಯೋ ಪೇರಳೆಯೋ ಸಾಕು. ಸಿಮಿತ್ರಿಯ ಹಿಂಬದಿ, ಶಾಲೆಯ ಮೈದಾನದ ಅಂಚು, ತೋಡಿನ ದಂಡೆ ಅತ್ತಿಗೆ ತಕ್ಕ ಜಾಗ. ಜೂನ್ ಮಳೆ ಹಿಡಿದ ಮೇಲೆ ನೆಟ್ಟು, ದನಕ್ಕೆ ಸಿಗದಂತೆ ಬೇಲಿ ಕಟ್ಟಿ, ಮೊದಲ ಎರಡು ಬೇಸಿಗೆ ನೀರು ಹಾಕಿದರೆ ಆಯಿತು. ಈ ವರ್ಷ ಪ್ರಥಮ ಪರಮಪ್ರಸಾದ ಸ್ವೀಕರಿಸಿದ ಮಕ್ಕಳಿಗೆ ಆ ನೀರಿನ ಕೆಲಸ ಒಪ್ಪಿಸಬಹುದು.

ಇದ್ದ ಮರವನ್ನು ಕಡಿಸಬೇಕೆನ್ನುವವರು ಒಂದು ಭಾನುವಾರ ಬಲಿಪೂಜೆಗೆ ಅರ್ಧ ಗಂಟೆ ಮುಂಚೆ ಬನ್ನಿ, ಮಕ್ಕಳನ್ನೂ ಕರೆತನ್ನಿ. ಕಾರನ್ನು ಆ ಕಡೆ ನಿಲ್ಲಿಸಿ, ಮರದ ಕೆಳಗೆ ನಿಂತು ಎಷ್ಟು ಬಗೆಯ ಹಕ್ಕಿ ಬಂದವೆಂದು ಎಣಿಸಿ. ಆಮೇಲೆ ಪಾಲನಾ ಸಮಿತಿಯಲ್ಲಿ ಮಾತಾಡೋಣ.