ಹತ್ತಿ ಕರಗುವ ಬಗೆ

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆ ಹೊಲಗಳಲ್ಲಿ ಒಂದು ಪಟ್ಟಿ ಜೋಳ, ಬದುವಿನ ಆಚೆ ಇನ್ನೊಂದು ಪಟ್ಟಿ ಹತ್ತಿ. ಎರಡಕ್ಕೂ ಬಿದ್ದದ್ದು ಒಂದೇ ಬಿಸಿಲು. ಆ ಬಿಸಿಲಿನಿಂದ ಎರಡೂ ಕಟ್ಟಿಕೊಂಡದ್ದು ಒಂದೇ ಸಕ್ಕರೆ, ಗ್ಲೂಕೋಸ್. ಜೋಳದ ಕಾಳಿನಲ್ಲಿ ಗ್ಲೂಕೋಸಿನ ಕೊಂಡಿಗಳು ಒಂದೇ ಮಗ್ಗುಲಿಗೆ ಸೇರಿ ಪಿಷ್ಟವಾಗುತ್ತವೆ. ಹತ್ತಿಯಲ್ಲಿ ಒಂದು ಬಿಟ್ಟು ಒಂದು ಕೊಂಡಿ ಮಗ್ಗುಲು ಬದಲಿಸಿ ಸೇರುತ್ತದೆ, ಸೆಲ್ಯುಲೋಸ್ ಆಗುತ್ತದೆ. ವ್ಯತ್ಯಾಸ ಇಷ್ಟೇ. ಬೆಳಗ್ಗೆ ತಿಂದ ರೊಟ್ಟಿ ಮಧ್ಯಾಹ್ನದೊಳಗೆ ಮೈಗೆ ಹತ್ತಿರುತ್ತದೆ. ಮೈಮೇಲಿನ ಅಂಗಿ ಮಾತ್ರ ಬೆವರು, ಸಾಬೂನು, ಕುದಿಯುವ ನೀರು ಎಲ್ಲವನ್ನೂ ದಾಟಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ.

ಹತ್ತಿಯ ಈ ಹಟ ಎಲ್ಲಿಂದ ಬಂತು ಎಂಬುದನ್ನು ಬೆಳಗಿನ ಹೊತ್ತು ಸ್ವಲ್ಪ ನಿಧಾನವಾಗಿ ಯೋಚಿಸಬೇಕು ಅನ್ನಿಸುತ್ತದೆ. 1838ರಲ್ಲಿ ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ ಗಿಡಗಳಿಂದ ಸೆಲ್ಯುಲೋಸನ್ನು ಬೇರ್ಪಡಿಸಿ ತೋರಿಸಿದ. ಹತ್ತಿಯ ಎಳೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಅದೇ. ಸಾವಿರಾರು ಗ್ಲೂಕೋಸ್ ಕೊಂಡಿಗಳ ನೀಳ ಸರಪಳಿಗಳು ಒತ್ತೊತ್ತಾಗಿ ಮಲಗಿರುತ್ತವೆ. ಸರಪಳಿ ಸರಪಳಿಗಳ ನಡುವೆ ಹೈಡ್ರೋಜನ್ ಬಂಧಗಳು. ಇವು ಒಂದೊಂದಾಗಿ ನೋಡಿದರೆ ದುರ್ಬಲ. ಹುಬ್ಬಳ್ಳಿಯ ಸಿದ್ಧಾರೂಢರ ಜಾತ್ರೆಯಲ್ಲಿ ತೇರಿನ ಹಗ್ಗಕ್ಕೆ ಬಿದ್ದ ಒಂದು ಕೈಯ ಬಲ ಎಷ್ಟು? ಸಾವಿರ ಕೈ ಸೇರಿದಾಗ ತೇರು ಮಿಸುಕುತ್ತದೆ. ಸೆಲ್ಯುಲೋಸಿನ ಗಟ್ಟಿತನವೂ ಅಂಥದ್ದೇ. ನೀರು ಬಂದು ಒಂದೆರಡು ಕೈ ಬಿಡಿಸುವಷ್ಟರಲ್ಲಿ ಉಳಿದವು ಬಿಗಿಯಾಗಿ ಹಿಡಿದುಕೊಂಡಿರುತ್ತವೆ.

ಇದನ್ನು ಮಣಿಸುವ ದಾರಿ ಎರಡು. ಒಂದು, ಕತ್ತರಿಸುವುದು. ಎತ್ತಿನ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಕಣಿಕೆಯ ಸೆಲ್ಯುಲೋಸನ್ನು ತುಂಡು ತುಂಡು ಮಾಡಿ ಸಕ್ಕರೆಯಾಗಿಸುತ್ತವೆ. ತಿಪ್ಪೆಯಲ್ಲಿ ಶಿಲೀಂಧ್ರಗಳು ಮಾಡುವುದೂ ಅದನ್ನೇ. ಕತ್ತರಿಸಿದ ಮೇಲೆ ಸರಪಳಿ ಇರುವುದಿಲ್ಲ. ಇನ್ನೊಂದು, ಬಿಡಿಸುವುದು. ಸರಪಳಿ ಇಡಿಯಾಗಿ ಉಳಿಯಬೇಕು, ಹಿಡಿತ ಮಾತ್ರ ಸಡಿಲಬೇಕು. ಕರಗಿಸುವುದು ಎಂದರೆ ಇದು. ಇದು ಕಷ್ಟದ ಕೆಲಸ.

ನನ್ನನ್ನು ಬಹಳ ಹಿಡಿದಿಟ್ಟ ಸಂಗತಿ ಇಲ್ಲಿಯೇ ಇದೆ. ಈ ಕಷ್ಟದ ಕೆಲಸಕ್ಕೆ ಒದಗಿದ ಎಷ್ಟೋ ದ್ರಾವಕಗಳು ಒಂಟಿಯಲ್ಲ, ಜೋಡಿ. ಡೈಮೀಥೈಲ್ ಅಸಿಟಮೈಡ್ ಎಂಬ ದ್ರವದಲ್ಲಿ ಹತ್ತಿ ಹಾಕಿ, ಏನೂ ಆಗುವುದಿಲ್ಲ. ಲಿಥಿಯಂ ಕ್ಲೋರೈಡ್ ಎಂಬ ಉಪ್ಪನ್ನು ಹತ್ತಿಯ ಮೇಲೆ ಸುರಿಯಿರಿ, ಆಗಲೂ ಏನೂ ಇಲ್ಲ. ಆ ಉಪ್ಪನ್ನು ಆ ದ್ರವದಲ್ಲಿ ಕರಗಿಸಿ ಹತ್ತಿ ಹಾಕಿದರೆ ಎಳೆ ನಿಧಾನಕ್ಕೆ ಉಬ್ಬಿ, ಮಸುಕಾಗಿ, ಕಡೆಗೆ ಕಾಣದಂತಾಗುತ್ತದೆ. ಕ್ಲೋರೈಡ್ ಅಯಾನು ಸೆಲ್ಯುಲೋಸಿನ ಕೈ ಹಿಡಿಯುತ್ತದೆ, ಲಿಥಿಯಂ ದ್ರವದ ಕಡೆ ಒಲಿಯುತ್ತದೆ. ಕೈಗಳು ತಮ್ಮ ಹಳೆಯ ನೆರೆಯನ್ನು ಬಿಡುತ್ತವೆ. ಆದರೆ ಇದಕ್ಕೆ ಪೂರ್ವಸಿದ್ಧತೆ ಬೇಕು. ಹತ್ತಿಯನ್ನು ಮೊದಲು ನೀರಿನಲ್ಲಿ ನೆನೆಸಿ ಮೈಬಿಡಿಸಬೇಕು. ಹಿಂಡಿ, ಆ ನೀರನ್ನು ಮೆಥನಾಲಿನಿಂದಲೋ ಅಸಿಟೋನಿನಿಂದಲೋ ತೊಳೆದು ಹೊರಹಾಕಬೇಕು. ಅದನ್ನೂ ಡೈಮೀಥೈಲ್ ಅಸಿಟಮೈಡಿನಿಂದ ತೊಳೆದು ತೆಗೆಯಬೇಕು. ಮೊದಲು ಬಾಗಿಲು ತೆರೆದುಕೊಟ್ಟ ಆ ನೀರೇ ಕೊನೆಯಲ್ಲಿ ಉಳಿದುಕೊಂಡರೆ ಕರಗುವಿಕೆಯನ್ನು ಕೆಡಿಸುತ್ತದೆ. ಅವಸರ ಮಾಡಿದವರಿಗೆ ಸಿಗುವುದು ಗಂಟುಗಂಟಾದ ಲೋಳೆ.

ಇನ್ನೊಂದು ಜೋಡಿ ನಮ್ಮ ಸೀಮೆಗೆ ಇನ್ನೂ ಹತ್ತಿರದ್ದು. ಚೀನಾದ ವುಹಾನ್ ವಿಶ್ವವಿದ್ಯಾಲಯದ ಲೀನಾ ಝಾಂಗ್ ಮತ್ತು ಸಂಗಡಿಗರು ತೋರಿಸಿಕೊಟ್ಟದ್ದು: ನೂರು ಭಾಗದಲ್ಲಿ 7 ಭಾಗ ಕಾಸ್ಟಿಕ್ ಸೋಡಾ, 12 ಭಾಗ ಯೂರಿಯಾ, ಉಳಿದ 81 ಭಾಗ ಬರೀ ನೀರು. ಯೂರಿಯಾ ಎಂದರೆ ನಮ್ಮ ರೈತರು ಸೊಸೈಟಿಯಲ್ಲಿ ಸಾಲು ನಿಂತು ತರುವ ಅದೇ ಬಿಳಿ ಗೊಬ್ಬರ. ಈ ಮಿಶ್ರಣವನ್ನು ಸೊನ್ನೆಗಿಂತ 12 ಡಿಗ್ರಿ ಕೆಳಕ್ಕೆ ತಣಿಸಿ, ತುಸು ಗಿಡ್ಡ ಸರಪಳಿಯ ಸೆಲ್ಯುಲೋಸ್ ಹಾಕಿ ಜೋರಾಗಿ ಕಲಕಿದರೆ ಕೆಲವೇ ನಿಮಿಷಗಳಲ್ಲಿ ತಿಳಿಯಾದ ದ್ರಾವಣ. ಸಕ್ಕರೆ ಕರಗಿಸಲು ನಾವು ಕಾಯಿಸುತ್ತೇವೆ. ಇಲ್ಲಿ ಕಾಯಿಸಿದರೆ ಕರಗಿದ್ದೂ ಮತ್ತೆ ಹೆಪ್ಪುಗಟ್ಟುತ್ತದೆ. ಸೋಡಾ ಹೋಗಿ ಹಿಡಿತ ಬಿಡಿಸುತ್ತದೆ. ಯೂರಿಯಾ ತಾನಾಗಿ ಒಂದು ಹಿಡಿತವನ್ನೂ ಬಿಡಿಸಲಾರದು, ಆದರೆ ಬಿಡುಗಡೆಯಾದ ಸರಪಳಿಗಳು ಮತ್ತೆ ಒಂದಕ್ಕೊಂದು ಅಂಟಿಕೊಳ್ಳದಂತೆ ಸುತ್ತ ಕಾವಲು ನಿಲ್ಲುತ್ತದೆ ಎಂಬುದು ಒಂದು ವಿವರಣೆ. ಸೆಲ್ಯುಲೋಸಿಗೆ ನೀರನ್ನು ಒಲ್ಲದ ಮುಖಗಳೂ ಇವೆ, ಯೂರಿಯಾ ಅವನ್ನು ಸಮಾಧಾನಪಡಿಸುತ್ತದೆ ಎಂಬುದು ಸ್ವೀಡನ್ನಿನ ಕೆಲವು ವಿಜ್ಞಾನಿಗಳ ವಾದ. ಯಾವುದು ಸರಿ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಕೆಲಸ ಮಾಡುವವನಿಗೆ ಪಕ್ಕದಲ್ಲಿ ಸುಮ್ಮನೆ ನಿಲ್ಲುವವನೊಬ್ಬ ಬೇಕಾಗುತ್ತಾನೆ ಎಂಬಷ್ಟನ್ನು ಎರಡೂ ವಾದಗಳು ಒಪ್ಪುತ್ತವೆ. ಹೆಸರು ಸೋಡಾದ್ದು, ಯೂರಿಯಾ ಇಲ್ಲದಿದ್ದರೆ ಆ ಹೆಸರು ನಿಲ್ಲುತ್ತಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಚಿಂತನೆ ಸಿಹಿಯಾಗಿಯೇ ಇರುತ್ತದೆ. ಆದರೆ ಹುಬ್ಬಳ್ಳಿ–ಧಾರವಾಡದಲ್ಲಿ ಕೂತು ಸೆಲ್ಯುಲೋಸಿನ ಮಾತಾಡುವವರು ತುಂಗಭದ್ರೆಯನ್ನು ಬಿಟ್ಟು ಮಾತಾಡಬಾರದು. ಹರಿಹರದ ಎದುರು ದಂಡೆಯ ಕುಮಾರಪಟ್ಟಣ ಮೊದಲು ಧಾರವಾಡ ಜಿಲ್ಲೆಗೆ ಸೇರಿತ್ತು. ಅಲ್ಲಿ 1970ರ ದಶಕದಿಂದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ನೀಲಗಿರಿಯ ಮರವನ್ನು ತಿರುಳು ಮಾಡುತ್ತ ಬಂತು. ಆ ತಿರುಳು ವಿಸ್ಕೋಸ್ ನೂಲಿಗೆ. ವಿಸ್ಕೋಸ್ ಎಂದರೆ ಸೆಲ್ಯುಲೋಸನ್ನು ಕರಗಿಸಿ ನೂಲು ಮಾಡುವ 1892ರ ಇಂಗ್ಲೆಂಡಿನ ವಿಧಾನ: ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್, ಕೊನೆಗೆ ಗಂಧಕಾಮ್ಲದ ತೊಟ್ಟಿ. ನದಿಯ ನೀರು ಕೆಟ್ಟಿತೆಂದು, ಮೀನು ಸತ್ತವೆಂದು ದಂಡೆಯ ಜನ ದನಿ ಎತ್ತಿದರು. ಮರಕ್ಕಾಗಿ ಸರಕಾರ ಮತ್ತು ಕಂಪನಿ ಸೇರಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಗೆ ಊರುಗಳ ಸಾರ್ವಜನಿಕ ಭೂಮಿ, ಸುಮಾರು 30,000 ಹೆಕ್ಟೇರ್, ನಿಗದಿಯಾಯಿತು. ದನ ಮೇಯುತ್ತಿದ್ದ, ಸೌದೆ ಆಯುತ್ತಿದ್ದ ನೆಲ ಅದು. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಇದರ ವಿರುದ್ಧ ಧಾರವಾಡದಿಂದ ಹೋರಾಟಕ್ಕೆ ಹೊರಟಿತು. ಶಿವರಾಮ ಕಾರಂತರು ಅರ್ಜಿದಾರರಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಕುಸನೂರು ಎಂಬ ಊರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ‘ಕಿತ್ತಿಕೊ–ಹಚ್ಚಿಕೊ’ ಎಂದು ಆ ಸತ್ಯಾಗ್ರಹಕ್ಕೆ ಹೆಸರು. 1991ರಲ್ಲಿ ಆ ಪಲ್ಪ್‌ವುಡ್ ಸಂಸ್ಥೆ ಮುಚ್ಚಿತು.

ಆದ್ದರಿಂದ ಹೊಸ ದ್ರಾವಕ ಬಂತೆಂದರೆ ನನ್ನ ಮನಸ್ಸು ಎಷ್ಟು ಕರಗಿತು ಎಂದು ಕೇಳಿ ಸುಮ್ಮನಾಗುವುದಿಲ್ಲ. ಕರಗಿಸಿದವನು ಆಮೇಲೆ ಎಲ್ಲಿಗೆ ಹೋದ ಎಂದೂ ಕೇಳುತ್ತದೆ. ಲಯೊಸೆಲ್ ಎಂಬ ನೂಲಿನ ಕಾರ್ಖಾನೆಗಳಲ್ಲಿ ದ್ರಾವಕದ ಶೇ. 99ಕ್ಕೂ ಹೆಚ್ಚು ಪಾಲನ್ನು ಹಿಂದಕ್ಕೆ ಪಡೆದು ಮತ್ತೆ ಬಳಸುತ್ತಾರೆ. ಅದು ಗೌರವಿಸಬೇಕಾದ ಸಂಖ್ಯೆ. ಸೋಡಾ–ಯೂರಿಯಾ ಜೋಡಿ ಅಗ್ಗದ್ದು ನಿಜ, ಆದರೆ ಆಮ್ಲದ ತೊಟ್ಟಿಗೆ ಇಳಿದೊಡನೆ ಸೋಡಾ ಉಪ್ಪಾಗಿಬಿಡುತ್ತದೆ, ಯೂರಿಯಾ ನೀರಿನಲ್ಲೇ ಉಳಿಯುತ್ತದೆ. ಆ ನೀರನ್ನು ಹಳ್ಳಕ್ಕೆ ಬಿಟ್ಟರೆ ಅದು ಹಳೆಯ ಕಥೆಯೇ.

ಸೆಲ್ಯುಲೋಸಿನ ಮಾತೂ ಇದೆ. ದ್ರಾವಣದಿಂದ ಮರಳಿ ಬಂದ ಸರಪಳಿ ಮೊದಲಿನದೇ ಜಾತಿಯದು, ಆದರೆ ಗಿಡ ಜೋಡಿಸಿಟ್ಟ ಆ ಮೊದಲ ಜೋಡಣೆ ಮರಳುವುದಿಲ್ಲ. ಬೇರೆ ಜೋಡಣೆಯಲ್ಲಿ ಕೂರುತ್ತದೆ. 1972ರಲ್ಲಿ ಧಾರವಾಡದಲ್ಲಿ ಡಾ. ಕಟರ್ಕಿ ಅವರು ‘ವರಲಕ್ಷ್ಮಿ’ ಹತ್ತಿಯ ತಳಿ ಕೊಟ್ಟದ್ದು ಆ ನೀಳ, ನುಣುಪಾದ ಎಳೆಗಾಗಿ. ಅಂಥ ಹೊಸ ಎಳೆಯನ್ನು ಕರಗಿಸುವುದು ನನಗೆ ಒಪ್ಪಿಗೆಯಿಲ್ಲ. ಕರಗಿಸುವುದಾದರೆ ಹರಿದ ಅಂಗಿ, ಗಿರಣಿಯ ಚಿಂದಿ, ಹೊಲದಲ್ಲಿ ಸುಟ್ಟುಹಾಕುವ ಹತ್ತಿಕಟ್ಟಿಗೆ ನಮ್ಮಲ್ಲಿ ಬೇಕಾದಷ್ಟಿವೆ.

ಕರ್ನಾಟಕ ವಿಶ್ವವಿದ್ಯಾಲಯದ, ಕೃಷಿ ವಿಶ್ವವಿದ್ಯಾಲಯದ ಪ್ರಯೋಗಾಲಯಗಳಲ್ಲಿ ಈ ಬೆಳಿಗ್ಗೆ ಬೀಕರ್ ಹಿಡಿದು ನಿಂತಿರುವ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಪುಸ್ತಕದಲ್ಲಿ ಕರಗಿದ ಸೆಲ್ಯುಲೋಸಿನ ತೂಕ ಬರೆಯುವ ಸಾಲಿನ ಪಕ್ಕದಲ್ಲೇ, ಮರಳಿ ಸಿಕ್ಕ ದ್ರಾವಕದ ತೂಕವನ್ನೂ ಬರೆಯಿರಿ.