ಹೃದಯಕ್ಕಿಂತ ದೊಡ್ಡವನು

ಸಾವಾದ ಮನೆಗೆ ಹೋದಾಗ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಅಪ್ಪನ್ನ ಒಂದು ವಾರ ಮೊದಲೇ ಆಸ್ಪತ್ರೆಗೆ ಸೇರಿಸಬೇಕಿತ್ತು, ತಪ್ಪು ನನ್ನದೇ.’ ಕೊರೊನಾ ಕಾಲದಲ್ಲಿ ಇದನ್ನು ಕೇಳಿ ಕೇಳಿ ಸಾಕಾಯಿತು. ಯಾರೂ ದೂರದಿದ್ದರೂ ತಾವೇ ತೀರ್ಪು ಕೊಟ್ಟುಕೊಂಡು ಕೂತವರು. ಆಗೆಲ್ಲ ನೆನಪಾಗುವುದು ಯೋಹಾನನ ಮೊದಲ ಪತ್ರದ ಮೂರನೆಯ ಅಧ್ಯಾಯ. ನಮ್ಮ ಹೃದಯವೇ ನಮ್ಮನ್ನು ಅಪರಾಧಿ ಎಂದರೂ ದೇವರು ಆ ಹೃದಯಕ್ಕಿಂತ ದೊಡ್ಡವನು, ಅವನು ಎಲ್ಲ ಬಲ್ಲವನು ಎಂಬುದು ಅಲ್ಲಿಯ ಮಾತಿನ ಸಾರ.

ಎಲ್ಲ ಬಲ್ಲವನು ಎಂದರೆ ಅಭಯವೋ ಬೆದರಿಕೆಯೋ? ಬೆದರಿಕೆಯೆಂದೇ ಓದಿದವನು ಪ್ರಾಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್. ಹೃದಯಕ್ಕೆ ಕಾಣದ್ದೂ ದೇವರಿಗೆ ಕಾಣುತ್ತದೆ, ಆದ್ದರಿಂದ ಅವನ ತೀರ್ಪು ಇನ್ನೂ ಕಠಿಣ ಎಂದು. ದೊಡ್ಡ ಪಂಡಿತನೇ ಸರಿ. ಆದರೆ ಹಿಂದಿನ ಸಾಲಿನಲ್ಲೇ ಯೋಹಾನ ಹೃದಯವನ್ನು ಸಮಾಧಾನಪಡಿಸುವ ಮಾತೆತ್ತಿದ್ದಾನೆ. ಹೆದರಿಸಿ ಸಮಾಧಾನ ಮಾಡುವುದುಂಟೇ? ಇನ್ನು ‘ನಿನ್ನನ್ನು ನೀನೇ ಪ್ರೀತಿಸಿಕೋ’ ಎನ್ನುವ ಈಗಿನ ಭಾಷಣಕಾರರು ನ್ಯಾಯಾಧೀಶನ ಕುರ್ಚಿಯನ್ನು ಹೃದಯಕ್ಕೇ ಬಿಟ್ಟು ತೀರ್ಪನ್ನಷ್ಟೇ ತಿದ್ದುತ್ತಾರೆ. ಯೋಹಾನ ಅದನ್ನು ಕುರ್ಚಿಯಿಂದಲೇ ಎಬ್ಬಿಸುತ್ತಾನೆ.

ಈ ವಾಕ್ಯದ ಒಳಗನ್ನು ನನಗೆ ತೋರಿಸಿದವಳು ಇದಕ್ಕೆ ಭಾಷ್ಯವನ್ನೇನೂ ಬರೆದವಳಲ್ಲ. ಇಂಗ್ಲೆಂಡಿನ ನಾರ್ವಿಚ್‌ನ ಜೂಲಿಯನ್, 1373ರ ಮೇ ತಿಂಗಳಲ್ಲಿ ಸಾವಿನ ಅಂಚಿನಲ್ಲಿದ್ದಾಗ 16 ದರ್ಶನಗಳನ್ನು ಕಂಡವಳು. ಪ್ಲೇಗ್ ಎಂದರೆ ದೇವರ ಕೋಪ ಎಂದು ಜನ ನಂಬಿದ್ದ ಕಾಲ. ಇವಳೋ, ದೇವರಲ್ಲಿ ಕೋಪವೇ ಕಾಣಲಿಲ್ಲ, ಕೋಪವಿರುವುದು ನಮ್ಮಲ್ಲಿ ಎಂದಳು. ಅವಳು ಕಂಡ ಒಂದು ದೃಷ್ಟಾಂತದಲ್ಲಿ ಒಡೆಯನ ಕೆಲಸಕ್ಕೆಂದು ಉತ್ಸಾಹದಿಂದ ಓಡಿದ ಆಳು ಹಳ್ಳಕ್ಕೆ ಬೀಳುತ್ತಾನೆ. ಮೈಯೆಲ್ಲ ಪೆಟ್ಟು. ಎಲ್ಲಕ್ಕಿಂತ ದೊಡ್ಡ ನೋವು, ಪಕ್ಕದಲ್ಲೇ ಇದ್ದ ಒಡೆಯನ ಕಡೆ ಮುಖ ತಿರುಗಿಸಲಾಗದ್ದು. ಆ ಒಡೆಯನ ನೋಟದಲ್ಲಿ ಬೈಗುಳವಿಲ್ಲ, ಮರುಕವಿದೆ. ಬಿದ್ದವನಿಗೆ ಅದು ತಿಳಿಯದು. ಇದರ ಅರ್ಥ ಹೊಳೆಯಲು ಅವಳಿಗೆ ಸುಮಾರು 20 ವರ್ಷ ಹಿಡಿಯಿತು: ಆ ಆಳು ಆದಾಮನೂ ಹೌದು, ಕ್ರಿಸ್ತನೂ ಹೌದು. ಹಾಗಾದರೆ ತೀರ್ಪು ಕೊಡಬೇಕಾದವನೇ ಬಿದ್ದವನ ಜೊತೆ ಹಳ್ಳದಲ್ಲಿದ್ದಾನೆ.

ಆತ್ಮನಿಂದೆಯನ್ನು ವಿನಯವೆಂದು ಹೊಗಳುವ ಪ್ರಬೋಧನೆಗಳು ತಪಸ್ಸುಕಾಲ ಬಂದರೆ ಸಾಕು, ಶುರುವಾಗುತ್ತವೆ. ನನಗಂತೂ ಅದರಲ್ಲಿ ಅಹಂಕಾರವೇ ಕಾಣುತ್ತದೆ. ಯೂದನನ್ನು ನೋಡಿ: ಪಶ್ಚಾತ್ತಾಪಪಟ್ಟ, ಮೂವತ್ತು ಬೆಳ್ಳಿ ನಾಣ್ಯ ಹಿಂದಿರುಗಿಸಿದ, ಆಮೇಲೆ ಶಿಕ್ಷೆಯನ್ನೂ ತಾನೇ ವಿಧಿಸಿಕೊಂಡ. ಪೇತ್ರನ ತಪ್ಪೇನು ಸಣ್ಣದೇ? ಗುರುವನ್ನು ಮೂರು ಸಲ ಅರಿಯೆನೆಂದವನು. ತಿಬೇರಿಯ ಸರೋವರದ ದಡದಲ್ಲಿ ಯೇಸು ಅವನನ್ನು ಮೂರು ಸಲ ಕೇಳಿದ್ದು ಪ್ರೀತಿಯ ಬಗ್ಗೆ. ಅರಿಯೆನೆಂದ ರಾತ್ರಿಯ ಪ್ರಸ್ತಾಪವೇ ಇಲ್ಲ. ನೊಂದ ಪೇತ್ರ ತನ್ನ ಹೃದಯದ ಸಾಕ್ಷಿ ಹೇಳಹೋಗದೆ, ಎಲ್ಲ ಬಲ್ಲವನು ನೀನೇ ಎಂದುಬಿಟ್ಟ. ಯೋಹಾನನ ಪತ್ರದಲ್ಲಿ ಕ್ಯಾಲ್ವಿನ್‌ಗೆ ಬೆದರಿಕೆಯಾಗಿ ಕೇಳಿಸಿದ್ದು ಇದೇ ಮಾತು. ಪೇತ್ರನಿಗೆ ಅದಕ್ಕೆ ಸಿಕ್ಕಿದ ಉತ್ತರ ಕುರಿ ಕಾಯುವ ಕೆಲಸ.